ಒಂದು ತಾಸು ಬಂದ್ ಐತ್ರಿ

‘ಸರ್ವರ್ ಡೌನ್’ ಅನ್ನೋದು ಈಗ ಕನ್ನಡದ ಮಾತೇ ಆಗಿಬಿಟ್ಟಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸಾಲಿ ಮೆಟ್ಟಿಲು ಹತ್ತದ ಅಜ್ಜಿಗೂ ಇದರ ಅರ್ಥ ಗೊತ್ತು: ಇವತ್ತು ಕೆಲಸ ಆಗಂಗಿಲ್ಲ, ಮತ್ತೊಮ್ಮೆ ಬರಬೇಕು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ, ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಿಂತಾಗ, ಪಹಣಿ ತೆಗೆಸುವಾಗ, ರಿಸಲ್ಟ್ ದಿನ ಹಾಸ್ಟೆಲ್‌ನಲ್ಲಿ ಎಲ್ಲರೂ ಮೊಬೈಲ್ ಹಿಡಿದು ಕೂತಾಗ, ಎಲ್ಲಾ ಕಡೆ ಇದೊಂದೇ ಮಾತು. ಇಂಜಿನಿಯರಿಂಗ್ ಓದುವ ನಾವು ಇದನ್ನು ಎರಡೂ ಕಡೆಯಿಂದ ನೋಡಬೇಕಾದವರು. ಇವತ್ತು ಪಾಳಿಯಲ್ಲಿ ನಿಂತವರು, ನಾಳೆ ಅಂಥದೇ ಒಂದು ಸರ್ವರ್ ನಡೆಸುವವರು.

ತಾನಾಗಿ ಬಿದ್ದ ಸರ್ವರಿನ ಕಥೆ ಬೇರೆ. ನಾವು ಹೇಳಹೊರಟಿರೋದು ಬೇಕಂತಲೇ ಒಂದು ವೆಬ್‌ಸೈಟ್ ಬಂದ್ ಮಾಡಿದ ಕಥೆ, ಮತ್ತು ಬಂದ್ ಮಾಡುವ ಮುಂಚೆ ಅದರ ಬಾಗಿಲಿಗೆ ಹಚ್ಚಿದ ಒಂದು ಹಾಳೆಯ ಕಥೆ. ಆ ಹಾಳೆಗೆ ಮೇಂಟೆನೆನ್ಸ್ ಪೇಜ್ ಅಂತಾರೆ. ನಾವು ಓದಿದ ಯಾವ ಸಬ್ಜೆಕ್ಟಿನಲ್ಲೂ ಅದಕ್ಕೆ ಒಂದು ಪುಟ ಇರಲಿಲ್ಲ. ಆದರೆ ಅದನ್ನು ಸರಿಯಾಗಿ ಮಾಡಲು ನೆಟ್‌ವರ್ಕ್ಸ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್ಸ್ ಮೂರೂ ಬೇಕಾದವು. ಜೊತೆಗೆ ಸ್ವಲ್ಪ ಕನ್ನಡವೂ ಬೇಕಾಯಿತು.

ನಾವು ಮೂವರು. ಒಬ್ಬ ಗೋಕಾಕದವ, ಒಬ್ಬ ಮೂಡಲಗಿಯವ, ಒಬ್ಬಳು ಹುಕ್ಕೇರಿ ತಾಲೂಕಿನ ಹಳ್ಳಿಯವಳು. ಒಂದೇ ಬ್ರಾಂಚ್, ಲ್ಯಾಬ್‌ನಲ್ಲಿ ಒಂದೇ ಬ್ಯಾಚ್. ಎರಡನೇ ವರ್ಷದ ಮಿನಿ ಪ್ರಾಜೆಕ್ಟ್ ಅಂತ ನಮ್ಮ ಮೂರು ತಾಲೂಕುಗಳ ರಕ್ತದಾನಿಗಳ ಪಟ್ಟಿಯ ಒಂದು ವೆಬ್‌ಸೈಟ್ ಮಾಡಿದ್ದೆವು. ತಾಲೂಕು ಆರಿಸಿ, ರಕ್ತದ ಗುಂಪು ಆರಿಸಿ, ಹತ್ತಿರದ ದಾನಿಗೆ ವಿನಂತಿ ಹೋಗುತ್ತದೆ. ಅಷ್ಟೇ. ಮಾರ್ಕ್ಸ್ ಬಂದ ಮೇಲೆ ಎಲ್ಲರ ಪ್ರಾಜೆಕ್ಟಿನಂತೆ ಅದೂ ಮಲಗಬೇಕಿತ್ತು. ಮಲಗಲಿಲ್ಲ. ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಯಾರೋ ಲಿಂಕ್ ಹಾಕಿದರು, ಜನ ಖರೇನೇ ಬಳಸತೊಡಗಿದರು. ಹಾಗಾಗಿ ನಮಗೆ ಅದನ್ನು ನಡೆಸುವ ಜವಾಬ್ದಾರಿ ಬಂತು.

ಪಟ್ಟಿ ಬೆಳೆದಂತೆ ಎಸ್‌ಕ್ಯೂಲೈಟ್ ಫೈಲಿನಲ್ಲಿದ್ದ ಮಾಹಿತಿಯನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸಬೇಕು ಅನ್ನಿಸಿತು. ಇದಕ್ಕೆ ಬಂದ್ ಯಾಕೆ ಬೇಕು ಅಂತ ನೀವು ಕೇಳಬಹುದು. ನಮ್ಮ ದೇಶದ ನಿಯಮದ ಪ್ರಕಾರ ಒಮ್ಮೆ ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ನಮ್ಮ ಸೈಟು ಕೊನೆಯ ಸಲ ಕೊಟ್ಟ ತಾರೀಕು ನೋಡಿ, ಈಗ ಕೊಡಬಲ್ಲವರನ್ನಷ್ಟೇ ತೋರಿಸುತ್ತದೆ. ನಾವು ಹಳೆಯ ಫೈಲಿನಿಂದ ಕಾಪಿ ಮಾಡುತ್ತಿರುವಾಗಲೇ ಒಬ್ಬರು ‘ಇವತ್ತು ಕೊಟ್ಟೆ’ ಅಂತ ತಾರೀಕು ಹಾಕಿದರು ಅಂದುಕೊಳ್ಳಿ. ಆ ಒಂದು ಸಾಲು ಹಳೆಯದರಲ್ಲೇ ಉಳಿದು, ಹೊಸದರಲ್ಲಿ ಅವರು ಇನ್ನೂ ಕೊಡದವರಾಗಿಯೇ ಇರುತ್ತಾರೆ. ಮರುದಿನ ಯಾರದೋ ಮನೆಯವರು ಅವರಿಗೇ ಫೋನ್ ಹಚ್ಚುತ್ತಾರೆ, ಆಗಂಗಿಲ್ಲ ಅನ್ನಿಸಿಕೊಂಡು ಬೇರೆಯವರನ್ನು ಹುಡುಕುತ್ತಾರೆ. ಅವರ ಅರ್ಧ ತಾಸು ಹಾಳು. ರಕ್ತ ಹುಡುಕುವವರಿಗೆ ಅರ್ಧ ತಾಸು ಸಣ್ಣದಲ್ಲ.

ದೊಡ್ಡ ಕಂಪನಿಗಳು ಒಂದು ಕ್ಷಣವೂ ನಿಲ್ಲಿಸದೆ ಇಂಥ ಕೆಲಸ ಮಾಡುತ್ತವೆ. ಅದಕ್ಕೆ ಎರಡೆರಡು ಸರ್ವರ್, ರೆಪ್ಲಿಕೇಶನ್, ಕಾವಲಿಗೆ ಮಂದಿ ಎಲ್ಲಾ ಬೇಕು. ಮೂವರು ವಿದ್ಯಾರ್ಥಿಗಳು, ತಿಂಗಳಿಗೆ ಕೆಲವು ನೂರು ರೂಪಾಯಿಯ ಸರ್ವರ್ ಇದ್ದಾಗ ಒಂದು ತಾಸು ಹೇಳಿ ಬಂದ್ ಮಾಡೋದೇ ಪ್ರಾಮಾಣಿಕ ದಾರಿ. ಒತ್ತು ಇರೋದು ‘ಹೇಳಿ’ ಅನ್ನೋದರ ಮೇಲೆ.

ಈ ಮಾತಿನ ಮೇಲೆ ನಮಗಿರುವ ಹಟ ಹುಕ್ಕೇರಿಯವಳಿಂದ ಬಂದದ್ದು. ಅವಳು ಪಿಯುಸಿ ಓದುವಾಗ ಒಂದು ಅರ್ಜಿ ತುಂಬಲು ತಾಯಿಯ ಜೊತೆ ಹಳ್ಳಿಯಿಂದ ಪೇಟೆಗೆ ಬಂದಿದ್ದಳು. ಯಾವ ಇಲಾಖೆ ಅನ್ನೋದು ಇಲ್ಲಿ ಬೇಡ. ಸೈಟು ತೆರೆದರೆ ಬಿಳಿ ಪರದೆ, ನಡುವೆ ಗಿರಗಿರ ತಿರುಗುವ ಚಕ್ರ. ಆನ್‌ಲೈನ್ ಸೆಂಟರಿನವ, “ಸರ್ವರ್ ಡೌನ್ ಐತಿ ಯವ್ವಾ, ನಾಳೆ ಬರ್ರಿ” ಅಂದ. ಮರುದಿನವೂ ಅದೇ ಚಕ್ರ. ಮೂರನೆಯ ದಿನ ಅಲ್ಲಿಗೆ ಬಂದ ಇನ್ನಾರೋ, ಸೈಟಿನ ಕೆಲಸ ನಡೆದಿದೆ, ಸೋಮವಾರದ ತನಕ ಬಂದ್ ಅಂತ ಮೊದಲೇ ಗೊತ್ತಿತ್ತಲ್ಲ ಅಂದರು. ಗೊತ್ತಿತ್ತು, ಆದರೆ ಆ ಪರದೆಯ ಮೇಲೆ ಬರೆದಿರಲಿಲ್ಲ. ಸೋಮವಾರ ಹೋದರು, ಅರ್ಜಿ ಹೋಯಿತು. “ಬಂದ್ ಇದ್ದದ್ದಕ್ಕ ನಮಗೇನ ಸಿಟ್ಟಿಲ್ಲ. ಒಂದ್ ಸಾಲು ಬರಿಯದ್ದಕ್ಕ ನಮ್ಮವ್ವನ ಮೂರು ದಿನದ ಕೂಲಿ ಹೋತು” ಅಂತ ಅವಳು ಈಗಲೂ ಅನ್ನುತ್ತಾಳೆ.

ಹೇಳಿ ಬಂದ್ ಮಾಡೋದರಲ್ಲಿ ಕರೆಂಟಿನವರನ್ನು ಮೀರಿಸಿದವರಿಲ್ಲ. ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಅಂತ ಸಣ್ಣ ಸುದ್ದಿ ಇರುತ್ತಲ್ಲ, ಅದನ್ನು ಒಮ್ಮೆ ಇಂಜಿನಿಯರ್ ಕಣ್ಣಿನಿಂದ ಓದಿ. ಯಾವ ಉಪಕೇಂದ್ರ, ಯಾವ ಕೆಲಸ, ಯಾವ ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಯಾವ ಊರಿಗೆ. ನಾಲ್ಕು ಸಾಲಿನಲ್ಲಿ ಎಲ್ಲಾ ಇದೆ. ಅದನ್ನು ಓದಿದ ಗಿರಣಿಯವ ಹಿಂದಿನ ದಿನವೇ ಜೋಳ ಬೀಸಿ ಇಡುತ್ತಾನೆ, ರೈತ ಪಂಪ್‌ಸೆಟ್ಟಿನ ಹೊತ್ತು ಬದಲಿಸುತ್ತಾನೆ.

ಹುಕ್ಕೇರಿಯ ಕರೆಂಟಿಗೆ ತನ್ನದೇ ಇತಿಹಾಸ ಇದೆ. ಗೋಕಾಕ, ಮೂಡಲಗಿಗೆ ಹೆಸ್ಕಾಂ ಇದ್ದರೆ, ಹುಕ್ಕೇರಿ ತಾಲೂಕಿನಲ್ಲಿ ಮನೆಮನೆಗೆ ಕರೆಂಟ್ ಹಂಚೋದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಆಗ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ್ದು ಐದೇ ಜಾಗ: ಗುಜರಾತಿನ ಕೋಡಿನಾರ್, ಆಂಧ್ರದ ಸಿರ್ಸಿಲ್ಲ (ಈಗ ತೆಲಂಗಾಣ), ಉತ್ತರ ಪ್ರದೇಶದ ಲಖನೌ, ಮಹಾರಾಷ್ಟ್ರದ ಮುಳಾ-ಪ್ರವರಾ, ಮತ್ತು ನಮ್ಮ ಹುಕ್ಕೇರಿ. ಗ್ರಾಹಕರೇ ಸದಸ್ಯರಾಗಿರುವ ಇಂಥ ವಿದ್ಯುತ್ ಸಂಘ ಕರ್ನಾಟಕದಲ್ಲಿ ಇದೊಂದೇ.

ಹುಕ್ಕೇರಿಯವಳ ಸೋದರಮಾವ ಲೈನ್‌ಮನ್. ನಮಗೆ ಪುಸ್ತಕದಲ್ಲಿ ಸಿಗದ ಒಂದು ಪಾಠ ಅವರಿಂದ ಸಿಕ್ಕಿತು, ಅದು ಎಲ್‌ಸಿ. ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮುಂಚೆ ಲೈನ್‌ಮನ್ ಉಪಕೇಂದ್ರದಿಂದ ಎಲ್‌ಸಿ ತಗೋತಾನೆ. ಆಪರೇಟರ್ ಫೀಡರ್ ಆಫ್ ಮಾಡಿ, ಬುಕ್ಕಿನಲ್ಲಿ ಬರೆದು, ಸ್ವಿಚ್ಚಿಗೆ ‘ಲೈನ್ ಮೇಲೆ ಮಂದಿ ಇದ್ದಾರೆ’ ಅನ್ನುವಂಥ ಬೋರ್ಡ್ ತೂಗುಹಾಕುತ್ತಾನೆ. ಕೆಲಸ ಮುಗಿದ ಮೇಲೆ ಎಲ್‌ಸಿ ತಗೊಂಡವನೇ ಅದನ್ನು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಯಾರು ಬೈದರೂ, ಎಷ್ಟು ಫೋನ್ ಬಂದರೂ ಸ್ವಿಚ್ ಹಾಕುವಂತಿಲ್ಲ. “ಬೋರ್ಡ್ ಬರೇ ಮಂದಿಗೆ ತಿಳಿಸಾಕ ಅಲ್ಲೋ ತಮ್ಮಾ, ಮ್ಯಾಲ ಹತ್ತಿದವನ ಜೀವಾ ಉಳಿಸಾಕ” ಅಂದರು ಮಾವ. ಮೇಂಟೆನೆನ್ಸ್ ಪೇಜಿನ ಎರಡೂ ಕೆಲಸ ಈ ಮಾತಿನಲ್ಲಿವೆ. ಹೊರಗಿನವರಿಗೆ ಸುದ್ದಿ ಮುಟ್ಟಬೇಕು, ಒಳಗೆ ಸಾಗಿಸುತ್ತಿರುವ ಡೇಟಾ ಮೇಲೆ ಯಾರ ಕೈಯೂ ಬೀಳಬಾರದು.

ಇನ್ನು ಈ ಬೋರ್ಡ್ ಎಲ್ಲಿ ಹಾಕಬೇಕು? ಇದಕ್ಕೆ ಘಟಪ್ರಭೆಯ ಕಡೆ ನೋಡಿದರೆ ಸಾಕು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿಯ ಜಲಾಶಯ, ಅದರ ಕೆಳಗೆ ಧೂಪದಾಳ, ಅದನ್ನು ದಾಟಿ ಗೋಕಾಕ ಫಾಲ್ಸ್. ಧೂಪದಾಳದಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಕಾಲುವೆ ಎಲ್ಲೋ ಒಡೆದರೆ ಪ್ರತಿ ಹೊಲದ ಬದುವಿಗೂ ಓಡಿ ಮಣ್ಣು ಹಾಕುತ್ತ ಕೂಡೋದಿಲ್ಲ. ತಲೆಯಲ್ಲಿ ಗೇಟು ಇಳಿಸುತ್ತಾರೆ. ವೆಬ್‌ಸೈಟಿನಲ್ಲಿ ಆ ಗೇಟು ಅಂದರೆ ವೆಬ್ ಸರ್ವರ್. ನಮ್ಮಲ್ಲಿ ಅದು ಎಂಜಿನ್‌ಎಕ್ಸ್. ಬರುವ ಪ್ರತಿ ವಿನಂತಿಯೂ ಮೊದಲು ಅದರ ಹತ್ತಿರ ಬಂದು, ಅಲ್ಲಿಂದ ನಮ್ಮ ಆಪ್‌ಗೆ, ಆಪ್‌ನಿಂದ ಡೇಟಾಬೇಸಿಗೆ ಹೋಗುತ್ತದೆ. ಆಪ್ ಒಳಗೇ ‘ದುರಸ್ತಿ ನಡೆದಿದೆ’ ಅಂತ ಒಂದು ಪುಟ ಮಾಡಿಟ್ಟರೆ, ಆಪ್ ನಿಲ್ಲಿಸಿದ ಕೂಡಲೇ ಆ ಪುಟವೂ ನಿಂತಿತು. ಹಾಗಾಗಿ ಬೋರ್ಡ್ ಗೇಟಿಗೇ ಇರಬೇಕು.

ಮಾಡಿದ್ದು ಇಷ್ಟು. ಸರ್ವರಿನಲ್ಲಿ ಒಂದು ಖಾಲಿ ಫೈಲು ಇದ್ದರೆ ಸೈಟು ಬಂದ್, ಇಲ್ಲದಿದ್ದರೆ ಚಾಲೂ. ಎಂಜಿನ್‌ಎಕ್ಸ್ ಪ್ರತಿ ವಿನಂತಿಗೂ ಆ ಫೈಲು ಇದೆಯೋ ಇಲ್ಲವೋ ನೋಡುತ್ತದೆ. ಇದ್ದರೆ ಆಪ್‌ನ ಕಡೆ ಬಿಡದೆ 503 ಅನ್ನುವ ಸಂಖ್ಯೆ ವಾಪಸ್ ಕೊಟ್ಟು, ನಮ್ಮ ಪುಟ ತೋರಿಸುತ್ತದೆ. ಕಾನ್ಫಿಗರೇಶನ್ ಮತ್ತೆ ಲೋಡ್ ಮಾಡುವ ಗೊಡವೆ ಇಲ್ಲ. ‘ಟಚ್’ ಕಮಾಂಡಿನಿಂದ ಫೈಲು ಹುಟ್ಟಿಸಿದರೆ ಎಲ್‌ಸಿ ತಗೊಂಡಂತೆ, ‘ಆರ್‌ಎಂ’ನಿಂದ ಅಳಿಸಿದರೆ ವಾಪಸ್ ಕೊಟ್ಟಂತೆ. ಫೈಲಿಗೆ ನಾವು ‘ಎಲ್‌ಸಿ’ ಅಂತಲೇ ಹೆಸರಿಟ್ಟೆವು. ಹುಟ್ಟಿಸಿದವರೇ ಅಳಿಸಬೇಕು ಅನ್ನೋದು ಮೂವರೊಳಗಿನ ಕರಾರು.

ಇದನ್ನು ನೀವೂ ಮಾಡುವುದಾದರೆ ನಾಲ್ಕು ಸೂಕ್ಷ್ಮ ನೆನಪಿರಲಿ. ಒಂದು, ಎಂಜಿನ್‌ಎಕ್ಸಿನ ‘ಎರರ್ ಪೇಜ್’ ಸಾಲಿನಲ್ಲಿ ಸಮ ಚಿಹ್ನೆ ಹಾಕಿ 200 ಅಂತ ಬರೆದರೆ 503 ಹೋಗಿ 200 ಆಗುತ್ತದೆ, ಹಾಗೆ ಬರೆಯಬಾರದು. ಎರಡು, ಫೈಲು ಇದೆಯೇ ಅಂತ ನೋಡುವ ‘ಇಫ್’ ಅನ್ನು ಇಡೀ ‘ಸರ್ವರ್’ ಬ್ಲಾಕಿಗೆ ಹಾಕಿ, ಪುಟವನ್ನು ಮಾಮೂಲಿ ವಿಳಾಸದಲ್ಲಿಟ್ಟರೆ, ಪುಟ ತರಲು ಹೋದಾಗಲೂ ಅದೇ ಇಫ್ ಅಡ್ಡ ಬಂದು ಮತ್ತೆ 503 ಅನ್ನುತ್ತದೆ. ಆಗ ನಿಮ್ಮ ಕನ್ನಡ ಪುಟದ ಬದಲು ಎಂಜಿನ್‌ಎಕ್ಸಿನ ಬೋಳು ಇಂಗ್ಲಿಷ್ ಪುಟ ಕಾಣುತ್ತದೆ. ಆದ್ದರಿಂದ ಇಫ್ ಇರಬೇಕಾದ್ದು ಆಪ್‌ಗೆ ಕಳಿಸುವ ‘ಲೊಕೇಶನ್’ ಒಳಗೆ. ಪುಟಕ್ಕೆ ಬೇರೆಯದೇ ಲೊಕೇಶನ್. ಹೀಗಿದ್ದರೆ ಫಾರ್ಮ್ ತುಂಬಿ ‘ಸಬ್‌ಮಿಟ್’ ಒತ್ತಿದವರಿಗೂ ಪುಟ ಸರಿಯಾಗಿ ಸಿಗುತ್ತದೆ, ಯಾಕೆಂದರೆ ಎಂಜಿನ್‌ಎಕ್ಸ್ ಒಳಗೊಳಗೇ ಆ ಪೋಸ್ಟ್ ವಿನಂತಿಯನ್ನು ಗೆಟ್ ಆಗಿ ಬದಲಿಸಿಕೊಳ್ಳುತ್ತದೆ. ಮೂರು, ‘ಆ್ಯಡ್ ಹೆಡರ್’ ಸಾಲಿನ ಕೊನೆಗೆ ‘ಆಲ್ವೇಸ್’ ಇಲ್ಲದಿದ್ದರೆ 503ರ ಜೊತೆ ನಿಮ್ಮ ಹೆಡರ್ ಹೋಗುವುದಿಲ್ಲ. ನಾಲ್ಕು, ಆಪ್ ತಾನಾಗಿ ಸತ್ತಾಗ ಬರುವ 502ಕ್ಕೆ ಇದೇ ಪುಟ ಹಾಕಬಾರದು. ‘ಎರಡು ಗಂಟೆಗೆ ತೆರೆಯುತ್ತೇವೆ’ ಅನ್ನುವ ಮಾತು ಆಗ ಸುಳ್ಳಾಗುತ್ತದೆ.

ಈ ಸಂಖ್ಯೆಗಳ ಮೇಲೆ ಇಷ್ಟು ಜಗ್ಗಾಟ ಯಾಕೆ? ಮನುಷ್ಯರು ಬೋರ್ಡ್ ಓದುತ್ತಾರೆ, ಯಂತ್ರಗಳು ಸಂಖ್ಯೆ ಓದುತ್ತವೆ. ನಮ್ಮ ಊರಿನ ರಸ್ತೆಗಳಿಂದ ಇದು ಬೇಗ ತಿಳಿಯುತ್ತದೆ.

ಗೋಕಾಕದ ಹತ್ತಿರ ಲೋಳಸೂರ ಸೇತುವೆ ಇದೆ. 2019ರ ಆಗಸ್ಟ್ ಪ್ರವಾಹವನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ, ಗೋಕಾಕ ಪೇಟೆಯೊಳಗೇ ನೀರು ನಿಂತಿತ್ತು. ಘಟಪ್ರಭೆ ಏರಿದಾಗ ಸೇತುವೆಯ ಎರಡೂ ಬದಿ ಬ್ಯಾರಿಕೇಡ್ ಬೀಳುತ್ತದೆ. ಸೇತುವೆ ಇದೆ, ಆಚೆಯ ಊರೂ ಇದೆ, ಈಗ ಹೋಗುವ ಹಾಗಿಲ್ಲ, ನೀರು ಇಳಿದ ಮೇಲೆ ಇದೇ ದಾರಿ. ಇದು 503. ಬ್ಯಾರಿಕೇಡ್ ಇಲ್ಲದೆ ‘ರಸ್ತೆ ಚಾಲೂ ಇದೆ’ ಅಂತ ಹೇಳಿ, ಮುಳುಗಿದ ಸೇತುವೆಯ ಮೇಲೆ ಒಂದು ಚೀಟಿ ಅಂಟಿಸಿದರೆ ಅದು 200. ಗೂಗಲಿನ ಬಾಟ್ ಬಂದು 200 ನೋಡಿದರೆ, ‘ದುರಸ್ತಿ ನಡೆದಿದೆ’ ಅನ್ನೋದೇ ನಿಮ್ಮ ಸೈಟಿನ ನಿಜವಾದ ವಿಷಯ ಅಂತ ಬರೆದುಕೊಂಡು ಹೋಗುತ್ತದೆ. 404 ಅಂದರೆ ಆ ಊರೇ ಇಲ್ಲ ಅಂದಂತೆ.

ಇನ್ನು 301. ನಾವು ಸಾಲಿ ಓದುವಾಗ ಮೂಡಲಗಿ ಗೋಕಾಕ ತಾಲೂಕಿನಲ್ಲೇ ಇತ್ತು. ಆಮೇಲೆ ಹೋರಾಟ ಆಗಿ, ಅದೇ ಒಂದು ತಾಲೂಕಾಯಿತು. ಈಗ ಮೂಡಲಗಿಯವರು ತಹಶೀಲ್ದಾರರ ಕೆಲಸಕ್ಕೆ ಗೋಕಾಕಕ್ಕೆ ಹೋಗುವುದಿಲ್ಲ, ಆ ವಿಳಾಸ ಕಾಯಂ ಬದಲಾಗಿದೆ. ಇದು 301. ಬ್ರೌಸರ್ ಇದನ್ನು ನೆನಪಿಟ್ಟುಕೊಳ್ಳುತ್ತದೆ. ಒಂದು ತಾಸಿನ ಬಂದ್‌ಗೆ 301 ಹಾಕಿದರೆ ಕೆಲಸ ಮುಗಿದ ಮೇಲೂ ಕೆಲವರ ಬ್ರೌಸರ್ ನೇರವಾಗಿ ದುರಸ್ತಿ ಪುಟಕ್ಕೇ ಓಡುತ್ತಿರುತ್ತದೆ. 302 ತಾತ್ಕಾಲಿಕ ಹೌದು, ಆದರೆ ಅದರಲ್ಲೂ ಮೇಲಿನ ವಿಳಾಸ ಬದಲಾಗುತ್ತದೆ. ಪಾಪ, ಓದುಗ ಹತ್ತು ಸಲ ರಿಫ್ರೆಶ್ ಒತ್ತಿದರೂ ರಿಫ್ರೆಶ್ ಆಗೋದು ದುರಸ್ತಿ ಪುಟವೇ. 503ರಲ್ಲಿ ವಿಳಾಸ ಇದ್ದದ್ದು ಇದ್ದಂತೆ ಇರುತ್ತದೆ.

503ರ ಜೊತೆ ‘ರೀಟ್ರೈ-ಆಫ್ಟರ್’ ಅನ್ನುವ ಹೆಡರ್ ಕಳಿಸಬಹುದು ಅಂತ 2022ರಲ್ಲಿ ಬಂದ ಎಚ್‌ಟಿಟಿಪಿ ಮಾನದಂಡ ಆರ್‌ಎಫ್‌ಸಿ 9110 ಹೇಳುತ್ತದೆ. ಎಷ್ಟು ಸೆಕೆಂಡ್ ಬಿಟ್ಟು ಬರಬೇಕು ಅನ್ನೋದನ್ನು ಅಲ್ಲಿ ಬರೆಯೋದು, ಅಥವಾ ತಾರೀಕು ಮತ್ತು ಸಮಯ. ತಾರೀಕು ಬರೆಯುವುದಾದರೆ ಅದು ಜಿಎಂಟಿಯಲ್ಲಿ ಇರಬೇಕು, ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಆ ಗೊಂದಲವೇ ಬೇಡ ಅಂತ ನಾವು 3600 ಅಂತ ಸೆಕೆಂಡಿನಲ್ಲೇ ಬರೆದೆವು. ಹಾಗಂತ 503 ಇದೆಯಲ್ಲ ಎಂದು ದಿನಗಟ್ಟಲೆ ಬಿಡುವಂತಿಲ್ಲ. ಬಹಳ ದಿನ ಇದೇ ಉತ್ತರ ಸಿಕ್ಕರೆ ಗೂಗಲ್ ನಿಮ್ಮ ಪುಟಗಳನ್ನು ಹುಡುಕಾಟದಿಂದ ತೆಗೆಯತೊಡಗುತ್ತದೆ.

ಪುಟ ಎಂಥದ್ದಿರಬೇಕು ಅನ್ನೋದಕ್ಕೆ ಎರಡು ದೊಡ್ಡವರ ಕಥೆ ಕೇಳಿ. 2017ರ ಫೆಬ್ರುವರಿ 28ರಂದು ಅಮೆಜಾನಿನ ಎಸ್3 ಸೇವೆ ಅಮೆರಿಕದ ಒಂದು ವಲಯದಲ್ಲಿ ಸುಮಾರು ನಾಲ್ಕು ತಾಸು ಕೆಟ್ಟಿತು. ಯಾವ ಸೇವೆ ಚಾಲೂ, ಯಾವುದು ಬಂದ್ ಅಂತ ತೋರಿಸುವ ಅವರದೇ ಫಲಕವನ್ನು ಕೆಲ ಹೊತ್ತು ಬದಲಿಸಲಿಕ್ಕೇ ಆಗಲಿಲ್ಲ. ಯಾಕೆಂದರೆ ಆ ಫಲಕ ನಡೆಸುವ ವ್ಯವಸ್ಥೆಯೂ ಎಸ್3 ಮೇಲೆಯೇ ನಿಂತಿತ್ತು. ಸುದ್ದಿ ಹೇಳಲು ಟ್ವಿಟರಿಗೆ ಹೋದರು. 2021ರ ಅಕ್ಟೋಬರ್ 4ರ ರಾತ್ರಿ ನಮಗೆಲ್ಲ ವಾಟ್ಸಾಪ್, ಇನ್‌ಸ್ಟಾಗ್ರಾಂ ಬಂದ್ ಆಗಿದ್ದು ನೆನಪಿದೆಯಲ್ಲ? ಫೇಸ್‌ಬುಕ್ಕಿನ ಡಿಎನ್‌ಎಸ್ ಹೊರಜಗತ್ತಿಗೆ ಕಾಣದಂತಾಗಿ, ರಿಪೇರಿಗೆ ಬೇಕಾದ ಅವರ ಒಳಗಿನ ಸಾಧನಗಳೂ ಅದರ ಜೊತೆ ಹೋದವು. ಸುಮಾರು ಆರು ತಾಸು. ಮನೆಗೆ ಬೀಗ ಹಾಕಿ, ‘ಬೀಗದ ಕೈ ಇಂಥಲ್ಲಿದೆ’ ಅನ್ನುವ ಚೀಟಿಯನ್ನು ಮನೆಯೊಳಗೇ ಬಿಟ್ಟಂತೆ.

ಇದರಿಂದ ನಮ್ಮ ಪುಟಕ್ಕೆ ಒಂದು ನಿಯಮ ಬಂತು. ಬಂದ್ ಆಗುವ ಯಾವುದರ ಮೇಲೂ ಅದು ನಿಲ್ಲಬಾರದು. ಡೇಟಾಬೇಸ್ ಬೇಡ, ಲೋಗೋ ಬೇಡ, ಬೇರೆ ಫೈಲಿನಿಂದ ಬರುವ ಸ್ಟೈಲ್ ಬೇಡ. ಒಂದೇ ಎಚ್‌ಟಿಎಂಎಲ್ ಫೈಲು, ಅದರೊಳಗೇ ಎಲ್ಲಾ. ಕನ್ನಡ ಅಕ್ಷರ ಚೌಕಚೌಕ ಅಥವಾ ಗಿಜಿಬಿಜಿ ಆಗಬಾರದು ಅಂತ ಯುಟಿಎಫ್-8 ಅನ್ನು ಪುಟದಲ್ಲೂ, ಎಂಜಿನ್‌ಎಕ್ಸಿನಲ್ಲೂ ಹೇಳಿದೆವು. ಈಗಿನ ಮೊಬೈಲುಗಳಲ್ಲಿ ಕನ್ನಡದ ಫಾಂಟ್ ಇದ್ದೇ ಇರುತ್ತದೆ, ಬೇರೆ ಕಳಿಸಬೇಕಿಲ್ಲ. ಹಳೆಯ ಪುಟ ಯಾರ ಮೊಬೈಲಿನಲ್ಲೂ ಉಳಿಯದಿರಲಿ ಅಂತ ‘ನೋ-ಸ್ಟೋರ್’ ಹಾಕಿದೆವು.

ಕೋಡಿಗಿಂತ ಹೆಚ್ಚು ಹೊತ್ತು ತಿಂದದ್ದು ಕನ್ನಡ. ಗೋಕಾಕದವ ಮೊದಲು ಬರೆದದ್ದು ಹೀಗಿತ್ತು: ‘ಜಾಲತಾಣದ ನಿರ್ವಹಣಾ ಕಾರ್ಯವು ಪ್ರಗತಿಯಲ್ಲಿರುವುದರಿಂದ ಸೇವೆಯಲ್ಲಿ ಅಡಚಣೆ ಉಂಟಾಗಿದ್ದು, ಅನಾನುಕೂಲತೆಗೆ ವಿಷಾದಿಸುತ್ತೇವೆ.’ ಮೂಡಲಗಿಯವ ಓದಿ, “ಲೇ, ಇದನ್ನ ನಮ್ಮವ್ವ ಓದಿದ್ರ ವೆಬ್‌ಸೈಟ್ ತೀರಿಕೊಂಡೈತಿ ಅಂತಾಳ” ಅಂದ. ‘ಸ್ವಲ್ಪ ಹೊತ್ತಿನಲ್ಲಿ ಬರುತ್ತೇವೆ’ ಅಂತ ಬರೆಯೋಣವೇ ಅಂದರೆ, ಅದು ಬಸ್‌ಸ್ಟ್ಯಾಂಡಿನಲ್ಲಿ ‘ಈಗ ಬರ್ತೈತಿ’ ಅಂದಂತೆ, ಯಾವ ಈಗ ಅಂತ ಯಾರಿಗೂ ಗೊತ್ತಿಲ್ಲ. ‘ಶನಿವಾರ ರಾತ್ರಿ 1 ಗಂಟೆ’ ಅಂತ ಬರೆದರೆ ಕ್ಯಾಲೆಂಡರಿನಲ್ಲಿ ಅದು ರವಿವಾರ. ತಾರೀಕನ್ನೂ ಬರೆದು, ‘ಶನಿವಾರ ರಾತ್ರಿ ಕಳೆದು, ನಸುಕಿನ 1ರಿಂದ 2 ಗಂಟೆಯವರೆಗೆ’ ಅಂತ ತೀರ್ಮಾನವಾಯಿತು. ನಮ್ಮ ಲಾಗ್ ಪ್ರಕಾರ ಅತಿ ಕಡಿಮೆ ಜನ ಬರುವ ಹೊತ್ತು ಅದು.

ಕೊನೆಗೆ ಪುಟದಲ್ಲಿ ಉಳಿದದ್ದು ಇಷ್ಟೇ. ವೆಬ್‌ಸೈಟ್ ಒಂದು ತಾಸು ಬಂದ್ ಇದೆ. ಇಷ್ಟು ಗಂಟೆಗೆ ತೆರೆಯುತ್ತದೆ. ನಿಮ್ಮ ಮಾಹಿತಿ ಎಲ್ಲಾ ಸುರಕ್ಷಿತವಾಗಿದೆ. ಈಗಲೇ ರಕ್ತ ಬೇಕಿದ್ದರೆ ಈ ನಂಬರಿಗೆ ಫೋನ್ ಹಚ್ಚಿ, ನಾವು ಎಚ್ಚರ ಇದ್ದೇವೆ. ಅದರ ಕೆಳಗೆ ರಕ್ತನಿಧಿಗಳಲ್ಲಿನ ಸಂಗ್ರಹ ತೋರಿಸುವ ಸರ್ಕಾರದ ಇ-ರಕ್ತಕೋಶದ ಲಿಂಕ್. ಮೂರು ದಿನ ಮುಂಚೆಯೇ ಮುಖಪುಟದ ನೆತ್ತಿಯಲ್ಲಿ ಇದೇ ಸುದ್ದಿ ಹಾಕಿದ್ದೆವು, ಪೇಪರಿನ ವಿದ್ಯುತ್ ವ್ಯತ್ಯಯದ ಹಾಗೆ.

ಫೋನ್ ನಂಬರ್ ಹಾಕುವ ಬಗ್ಗೆ ನಮ್ಮೊಳಗೆ ವಾದ ಆಯಿತು. ನಸುಕಿನಲ್ಲಿ ಯಾರು ಕರೆ ಮಾಡುತ್ತಾರೆ ಅಂತ ಒಬ್ಬ, ಮಾಡಿದರೆ ಏನು ಹೇಳುತ್ತೀರಿ ಅಂತ ಇನ್ನೊಬ್ಬ. ಹುಕ್ಕೇರಿಯವಳು ಒಂದೇ ಮಾತಿನಲ್ಲಿ ಮುಗಿಸಿದಳು: “ಬಾಗಲಾ ನಾವ್ ಹಾಕೇವಿ ಅಂದ್ರ ಹೊರಗ ನಿಂತವರಿಗೆ ದಾರಿ ತೋರಿಸೋದೂ ನಮ್ಮ ಕೆಲಸನ.” ಹಾಗಾಗಿ ದಾನಿಗಳ ಪಟ್ಟಿಯನ್ನು ಗುಂಪಿನ ಪ್ರಕಾರ ಪ್ರಿಂಟ್ ತೆಗೆದೆವು, ಕೆಲಸ ಮುಗಿದ ಮೇಲೆ ಹರಿದುಹಾಕುವ ಷರತ್ತಿನ ಮೇಲೆ. ಇಬ್ಬರು ಸರ್ವರ್ ಮುಂದೆ, ಅವಳು ಮನೆಯಲ್ಲಿ ಫೋನ್ ಮತ್ತು ಪಟ್ಟಿಯ ಮುಂದೆ.

ಒಂದು ಗಂಟೆಗೆ ಮೂಡಲಗಿಯವ ಎಲ್‌ಸಿ ತಗೊಂಡ. ‘ಕರ್ಲ್’ ಹಾಕಿ ನೋಡಿದೆವು, 503 ಬಂತು, 3600 ಬಂತು. ಮೊಬೈಲಿನಲ್ಲಿ ಕನ್ನಡ ಪುಟ ಬಂತು. ಆಪ್ ನಿಲ್ಲಿಸಿದೆವು, ಫೈಲಿನ ಬ್ಯಾಕಪ್ ತೆಗೆದೆವು, ಸಾಗಾಣಿಕೆ ಶುರು.

ಒಂದೂ ಇಪ್ಪತ್ತೈದಕ್ಕೆ ಫೋನ್ ಬಂತು. ಮೂಡಲಗಿ ಕಡೆಯ ಒಬ್ಬ ಕಾಕಾ, ಗೋಕಾಕದ ಒಂದು ಆಸ್ಪತ್ರೆಯಿಂದ.

“ನಮಸ್ಕಾರ್ರಿ. ಒಂದ್ ತಾಸ್ ಬಂದ್ ಐತಿ ಅಂತ ಬರದೀರಿ. ನಂಬರ ಇತ್ತು, ಹಚ್ಚೇನ್ರಿ.”

“ಹೌದ್ರಿ ಕಾಕಾ, ವೆಬ್‌ಸೈಟ್ ಬಂದ್ ಐತ್ರಿ, ನಾವ್ ಎಚ್ಚರ ಅದೇವ್ರಿ. ಯಾವ ಗುಂಪು ಬೇಕ್ರಿ?”

ಮಗಳ ಹೆರಿಗೆ, ಬಿ ನೆಗೆಟಿವ್. ಪಟ್ಟಿಯಲ್ಲಿ ಆ ಗುಂಪಿನವರು ಬೆರಳೆಣಿಕೆಯಷ್ಟು. ಮೊದಲಿನವರು ಫೋನ್ ಎತ್ತಲಿಲ್ಲ. ಎರಡನೆಯವರು ಹಿಂದಿನ ತಿಂಗಳಷ್ಟೇ ಕೊಟ್ಟಿದ್ದರು, ಅವರಿಗೆ ಹಚ್ಚುವಂತೆಯೇ ಇಲ್ಲ. ಮೂರನೆಯವರು ಗೋಕಾಕ ಪೇಟೆಯವರೇ, ನಿದ್ದೆಗಣ್ಣಿನಲ್ಲೇ ಎತ್ತಿ, “ಯಾವ ದವಾಖಾನಿ ಹೇಳ್ರಿ, ಹೊಂಟೆ” ಅಂದರು. ಅವಳು ಕಾಕಾರಿಗೆ ತಿರುಗಿ ಫೋನ್ ಮಾಡಿ ಹೇಳಿದಳು. ಸರ್ವರ್ ಮುಂದೆ ಕೂತಿದ್ದ ಇಬ್ಬರಿಗೆ ಇದೆಲ್ಲಾ ಗೊತ್ತಾದದ್ದು ಕೆಲಸ ಮುಗಿದ ಮೇಲೆ. ಎಲ್‌ಸಿ ಮೇಲಿದ್ದವರಿಗೆ ಕೆಳಗಿನ ಗದ್ದಲ ಮುಟ್ಟಿಸಬಾರದು ಅಂತ ಅವಳು ಹೇಳಿರಲೇ ಇಲ್ಲ.

ಹಳೆಯದರ ಸಾಲುಗಳನ್ನೂ ಹೊಸದರ ಸಾಲುಗಳನ್ನೂ ಎಣಿಸಿದೆವು, ತಾಳೆಯಾಯಿತು. ಆಪ್ ಎಬ್ಬಿಸಿ, ಗೇಟು ಇನ್ನೂ ಇಳಿದಿರುವಾಗಲೇ ಸರ್ವರ್ ಒಳಗಿಂದ ನೇರವಾಗಿ ಆಪ್‌ನ ಪೋರ್ಟಿಗೆ ಹೋಗಿ ಪರೀಕ್ಷಿಸಿದೆವು. ಎರಡಕ್ಕೆ ಹತ್ತು ನಿಮಿಷ ಇರುವಾಗ, ಎಲ್‌ಸಿ ತಗೊಂಡವನೇ ಅದನ್ನು ವಾಪಸ್ ಕೊಟ್ಟ. ಹೇಳಿದ ಹೊತ್ತಿಗಿಂತ ಮುಂಚೆ ತೆರೆದರೆ ಯಾರೂ ಬೈಯುವುದಿಲ್ಲ.

ಬೆಳಿಗ್ಗೆ ಏಳರ ಸುಮಾರಿಗೆ ಆ ಮೂರನೆಯ ದಾನಿಯೇ ಫೋನ್ ಮಾಡಿದರು. “ರಾತ್ರಿ ಕೊಟ್ಟ ಬಂದೇನ್ರಿ, ತಾಯಿ ಮಗು ಆರಾಮ ಅದಾರಂತ. ನನ್ನ ಹೆಸರಿನ ಮುಂದ ತಾರೀಕ ಹಾಕ್ಕೊಳ್ರಿ.” ಹೊಸ ಡೇಟಾಬೇಸಿನಲ್ಲಿ ಬರೆದ ಮೊದಲ ಸಾಲು ಅದು.

ಫೆಸ್ಟ್ ರಿಜಿಸ್ಟ್ರೇಶನ್ ಸೈಟು, ಹಾಸ್ಟೆಲ್ ಮೆಸ್ಸಿನ ಆಪ್, ಪ್ಲೇಸ್‌ಮೆಂಟ್ ಪೋರ್ಟಲ್ ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಪ್ರತಿ ವರ್ಷ ಏನೋ ಒಂದು ಕಟ್ಟುತ್ತಲೇ ಇರುತ್ತೇವೆ. ಲಾಗಿನ್ ಪುಟಕ್ಕೆ ಬಣ್ಣ ಆರಿಸಲು ಒಂದು ವಾರ ಹಾಕುತ್ತೇವೆ. ಜೂನಿಯರ್‌ಗಳಿಗೆ ನಮ್ಮದೊಂದು ಮಾತು. ಸೈಟು ಲೈವ್ ಮಾಡುವ ಮುಂಚೆ ಅರ್ಧ ದಿನ ಕೂತು ಈ ಒಂದು ಪುಟ ಬರೆದಿಡಿ. ಕರ್ಲ್ ಹಾಕಿ ಸಂಖ್ಯೆ 503 ಇದೆಯೇ ನೋಡಿ. ಯಾವ ಕೆಲಸ, ಎಷ್ಟು ಗಂಟೆಯವರೆಗೆ, ಅಲ್ಲಿಯತನಕ ಬೇರೆ ದಾರಿ ಯಾವುದು, ಈ ಮೂರೂ ಅದರಲ್ಲಿವೆಯೇ ನೋಡಿ. ಆಮೇಲೆ ಅದನ್ನು ಮನೆಗೆ ಕಳಿಸಿ, ಅವ್ವನಿಗೆ ಓದಲು ಹೇಳಿ. “ಎಷ್ಟ ಗಂಟೇಕ ತೆಗೀತೈತಿ?” ಅಂತ ಅವಳು ತಿರುಗಿ ಕೇಳದಿದ್ದರೆ ಪುಟ ಸರಿಯಾಗಿದೆ.